ಅಪ್ಪನಿಗೆ ಗೊತ್ತಿಲ್ಲದ್ದು ಬಿಎಸ್ಸಿ ಅಗ್ರಿಯಲ್ಲಿ ಏನಿದೆ?

ಪ್ರಶ್ನೆ: ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಬಿಎಸ್ಸಿ ಅಗ್ರಿ ಮಾಡಬೇಕು ಅಂತ ಆಸೆ. ಅಪ್ಪ ಮಾತ್ರ, "ಬೇಸಾಯ ನಾನೇ ಹೇಳಿಕೊಡ್ತೀನಿ, ಅದಕ್ಕೆ ನಾಲ್ಕು ವರ್ಷ ಯೂನಿವರ್ಸಿಟಿ ಯಾಕೆ?" ಅಂತಾರೆ. ಅವರಿಗೆ ಗೊತ್ತಿಲ್ಲದ್ದು ಅಲ್ಲಿ ಏನು ಕಲಿಸ್ತಾರೆ?

ಉತ್ತರ: ನಿಮ್ಮ ಅಪ್ಪನ ಮಾತಲ್ಲಿ ಅರ್ಧ ನಿಜ ಇದೆ. ಹದ ನೋಡಿ ಬಿತ್ತುವುದು, ಮೋಡ ನೋಡಿ ಕೊಯ್ಲು ಮುಂದಕ್ಕೆ ಹಾಕುವುದು, ಇವನ್ನು ಅವರಷ್ಟು ಚೆನ್ನಾಗಿ ಯಾವ ಮೇಷ್ಟ್ರೂ ಕಲಿಸಲಾರರು. ಕಾಲೇಜಿನಲ್ಲಿ ಸಿಗುವುದು ಅಳತೆ. ಜೊತೆಗೆ, ಬೆಳೆ ಕೈಕೊಟ್ಟಾಗ ಯಾಕೆ ಅಂತ ಹುಡುಕುವ ದಾರಿ.

ಗೊಬ್ಬರವನ್ನೇ ತಗೊಳ್ಳಿ. ನೀರಾವರಿ ರಾಗಿಗೆ ಹೆಕ್ಟೇರಿಗೆ 100:50:50 ಎಂದು ಶಿಫಾರಸು. ಅಂದ್ರೆ 100 ಕೆಜಿ ಸಾರಜನಕ, 50 ಕೆಜಿ ರಂಜಕ, 50 ಕೆಜಿ ಪೊಟ್ಯಾಷ್. ಆದರೆ ಅಂಗಡಿಯಲ್ಲಿ ಸಿಗುವುದು ಡಿಎಪಿ, ಯೂರಿಯಾ ಮೂಟೆ. ಡಿಎಪಿಯಲ್ಲಿ ರಂಜಕ ಶೇ 46, ಸಾರಜನಕ ಶೇ 18. ಎಕರೆ ಲೆಕ್ಕಕ್ಕೆ ಇಳಿಸಿದರೆ 44 ಕೆಜಿ ಡಿಎಪಿಯಲ್ಲೇ ಬೇಕಾದ ರಂಜಕ ಪೂರ್ತಿ ಸಿಕ್ಕಿತು, 8 ಕೆಜಿ ಸಾರಜನಕವೂ ಅದರಲ್ಲೇ ಬಂತು. ಮಿಕ್ಕ ಸಾರಜನಕಕ್ಕೆ ಸುಮಾರು 71 ಕೆಜಿ ಯೂರಿಯಾ. ಪೊಟ್ಯಾಷಿಗೆ 34 ಕೆಜಿ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಗೊಬ್ಬರ. ಸಾರಜನಕದಲ್ಲಿ ಅರ್ಧವನ್ನು ನಾಟಿ ಹೊತ್ತಿಗೆ ಕೊಟ್ಟು, ಉಳಿದದ್ದನ್ನು ಮೇಲುಗೊಬ್ಬರವಾಗಿ ಹಾಕಬೇಕು. ಮಣ್ಣು ಪರೀಕ್ಷೆಯಲ್ಲಿ ರಂಜಕ ಜಾಸ್ತಿ ಇದೆ ಅಂತ ಬಂದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಪಕ್ಕದ ಹೊಲದವರು ಎರಡು ಮೂಟೆ ಹಾಕಿದರು ಅಂತ ನಾವೂ ಹಾಕ್ತೀವಲ್ಲ, ಅದರಲ್ಲಿ ಎಷ್ಟು ದುಡ್ಡು ಸುಮ್ನೆ ಹೋಗುತ್ತಿದೆ ಅನ್ನುವುದು ಈ ಲೆಕ್ಕ ಹಾಕಿದ ದಿನ ಗೊತ್ತಾಗುತ್ತದೆ.

ಕೀಟಶಾಸ್ತ್ರದಲ್ಲಿ ಬಲೆ ಹಿಡಿದು ಹೊಲಕ್ಕೆ ಹೋಗಬೇಕು. ಹಿಡಿದ ಹುಳಗಳನ್ನು ಪೆಟ್ಟಿಗೆಯಲ್ಲಿ ಪಿನ್ ಚುಚ್ಚಿ, ಹೆಸರು ಬರೆದು ಇಡಬೇಕು. ಚಿಟ್ಟೆಗೆ ಪಿನ್ ಎದೆಯ ನಡುವೆ, ದುಂಬಿಗೆ ಬಲಗಡೆಯ ಗಟ್ಟಿ ರೆಕ್ಕೆಯ ಮೇಲೆ. ಇದೆಲ್ಲ ಮಕ್ಕಳಾಟ ಅಂತ ಕಾಣಬಹುದು, ಆದರೆ ಕಣ್ಣು ಪಳಗುವುದು ಇಲ್ಲೇ. ಸಸ್ಯಹೇನು ತಿಂದು ಬೆಳೆ ಕಾಯುವ ಗುಲಗಂಜಿ ಹುಳವನ್ನೇ ಶತ್ರು ಅಂದುಕೊಂಡು ಔಷಧಿ ಹೊಡೆಯುವವರು ಈಗಲೂ ಇದ್ದಾರೆ.

ಇನ್ನೊಂದು ಮಾತು ಅಪ್ಪನಿಗೆ ಹೇಳಿ. ನಿಮ್ಮಲ್ಲಿ ರಾಗಿ ಬೆಳೆಯುವುದಾದರೆ, ಬಿತ್ತನೆ ಬೀಜದ ಹೆಸರು ನೋಡಿ. ಅದು ಜಿಪಿಯು-28 ಆಗಿದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಳಿ, ಬೆಂಕಿ ರೋಗ ತಡೆಯುತ್ತದೆ. ಅದರ ವಂಶದಲ್ಲಿ ಇಂಡಾಫ್ ರಾಗಿ ಇದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಂದ ತಳಿಗಳವು. ರಾಗಿ ಹೂವು ಎಷ್ಟು ಸಣ್ಣದು, ಅದನ್ನು ಸಂಕರ ಮಾಡುವುದು ಎಷ್ಟು ಕಷ್ಟ ಅಂತ ತೆನೆ ಬಿಡಿಸಿ ನೋಡಿದವರಿಗೇ ಗೊತ್ತು. ಯೂನಿವರ್ಸಿಟಿ ಬೇಡ ಅನ್ನುವ ಮನೆಗಳ ಕಣಜಕ್ಕೂ ಲಕ್ಷ್ಮಣಯ್ಯನವರ ಕೆಲಸ ಬಂದು ಸೇರಿದೆ.

ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಇರುತ್ತದೆ. ನನ್ನ ಪ್ರಕಾರ ಇಡೀ ಕೋರ್ಸಿನಲ್ಲಿ ತುಂಬಾ ಬೆಲೆಯುಳ್ಳ ಭಾಗ ಇದೇ. ದೇವಸ್ಥಾನದ ಮುಂದೆ ಊರಿನವರನ್ನು ಕೂರಿಸಿಕೊಂಡು, ಬಣ್ಣದ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬರೆಯುತ್ತಾರೆ. ಕೆರೆ ಎಲ್ಲಿ, ಬತ್ತಿದ ಬೋರ್‌ವೆಲ್ ಯಾವುದು, ಗೋಮಾಳ ಎಲ್ಲಿಯವರೆಗೆ ಅಂತ ಹಿರಿಯರು ತಿದ್ದುತ್ತಾ ಹೋಗುತ್ತಾರೆ. ಫೋಟೊ ತೆಗೆದು ರಿಪೋರ್ಟ್ ಮುಗಿಸಿದರೆ ಆಯ್ತು ಅನ್ನುವ ಹುಡುಗರು ಆ ಮಾತುಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಕೊರತೆಯೂ ಇದೆ. ಪಾಠ ಇಂಗ್ಲಿಷಿನಲ್ಲಿ, ಕನ್ನಡ ಮಾಧ್ಯಮದವರಿಗೆ ಮೊದಲ ಸೆಮಿಸ್ಟರ್ ಕಷ್ಟ. ಬೆಳೆದದ್ದನ್ನು ಮಾರುವ ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಅದಕ್ಕೆ ರಜೆಯಲ್ಲಿ ಅಪ್ಪನ ಜೊತೆ ಎಪಿಎಂಸಿಗೆ ಹೋಗಿ ಹರಾಜು ನೋಡಲೇಬೇಕು. ಡಾಕ್ಟರ್ ಸೀಟು ಸಿಗಲಿಲ್ಲ ಅಂತ ಬೇಜಾರಲ್ಲಿ ಸೇರುವವರಿಗೆ ಈ ನಾಲ್ಕು ವರ್ಷ ಭಾರ ಆಗುತ್ತದೆ. ಕೆಲಸಕ್ಕೆ ಕೃಷಿ ಇಲಾಖೆ, ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆ, ಬೀಜದ ಕಂಪನಿಗಳಿವೆ. ಸ್ವಂತ ಕೀಟನಾಶಕದ ಅಂಗಡಿಯ ಲೈಸೆನ್ಸಿಗೂ ಈ ಡಿಗ್ರಿ ನಡೆಯುತ್ತದೆ.

ಸೀಟು ಹಂಚುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ. 1964ರಲ್ಲಿ ಶುರುವಾದ ಬೆಂಗಳೂರಿನ ಕೃಷಿ ವಿವಿ, 1986ರ ಧಾರವಾಡದ್ದು, ಆಮೇಲೆ ಬಂದ ರಾಯಚೂರು, ಶಿವಮೊಗ್ಗದ್ದು, ಎಲ್ಲ ಕಡೆ ಬಿಎಸ್ಸಿ ಅಗ್ರಿ ಇದೆ. ಬಾಗಲಕೋಟೆಯದು ತೋಟಗಾರಿಕೆಗೆ. ನಿಮ್ಮ ಮನೆಯಲ್ಲಿ ಬೇಸಾಯ ಇರುವುದರಿಂದ ಕೃಷಿಕರ ಕೋಟಾ ಮರೆಯಬೇಡಿ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ: ಬೀಜ, ಉಪಕರಣ, ಗೊಬ್ಬರ ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ಆ ಪರೀಕ್ಷೆಗೆ ಕೋಚಿಂಗ್ ಬೇಕಿಲ್ಲ, ಅಪ್ಪನೇ ಸಾಕು. ಕೋಟಾಕ್ಕೆ ಬೇಕಾದ ಪ್ರಮಾಣಪತ್ರಗಳಿಗೆ ಮಾತ್ರ ಈಗಲೇ ನಾಡಕಚೇರಿಗೆ ಅರ್ಜಿ ಹಾಕಿಬಿಡಿ, ಕೊನೇ ವಾರದಲ್ಲಿ ಅಲ್ಲಿ ರಶ್ ಜಾಸ್ತಿ.