ಡಿಜಿಟಲ್ ಸಾರ್ವಭೌಮತ್ವ ಅಂದ್ರೆ ಏನು?

ಯುರೋಪಿನ ಸುದ್ದಿ ಓದೋರಿಗೆ ಈ ಪದ ಈಗ ಆಗಾಗ ಕಣ್ಣಿಗೆ ಬೀಳ್ತಿರತ್ತೆ. ಸಾರ್ವಭೌಮತ್ವ ಅಂದ ತಕ್ಷಣ ನಮಗೆ ಗಡಿ, ಸೈನ್ಯ, ಸಂವಿಧಾನದ ಪ್ರಸ್ತಾವನೆ ಎಲ್ಲ ನೆನಪಾಗತ್ತೆ, ಆದ್ರೆ ನನ್ನ ಪ್ರಕಾರ ಇದನ್ನ ಅರ್ಥ ಮಾಡ್ಕೊಳ್ಳೋಕೆ ಅದಕ್ಕಿಂತ ಒಳ್ಳೆ ಪದ ನಮ್ಮಲ್ಲೇ ಇದೆ: ಹಂಗು. ಒಂದು ದೇಶದ ಆಫೀಸು, ಆಸ್ಪತ್ರೆ, ಬ್ಯಾಂಕು ನಡೆಸೋ ಕಂಪ್ಯೂಟರ್ ವ್ಯವಸ್ಥೆ ಬೇರೆ ದೇಶದ ಹಂಗಲ್ಲಿ ಎಷ್ಟಿದೆ, ನಾಳೆ ಅವರು ಕೊಡಲ್ಲ ಅಂದ್ರೆ ಇಲ್ಲಿ ಕೆಲಸ ನಡಿಯತ್ತಾ ನಿಲ್ಲತ್ತಾ. ಆ ಹಂಗು ಕಮ್ಮಿ ಮಾಡ್ಕೊಳ್ಳೋಕೆ ಮಾಡೋ ಕಾನೂನು, ಖರ್ಚು, ಖರೀದಿ ನೀತಿ ಎಲ್ಲಾ ಸೇರಿದ್ರೆ ಡಿಜಿಟಲ್ ಸಾರ್ವಭೌಮತ್ವ.

ತುಂಬಾ ಜನ ಎಡವೋದು ಇಲ್ಲಿ, "ಡೇಟಾ ನಮ್ಮ ದೇಶದ ಸರ್ವರಲ್ಲೇ ಇದ್ಯಲ್ಲ, ಮತ್ತೇನು ಭಯ" ಅಂತಾರೆ. ಸರ್ವರ್ ಫ್ರಾಂಕ್‌ಫರ್ಟಲ್ಲೇ ಇರಬಹುದು, ಆದ್ರೆ ಅದನ್ನ ನಡೆಸೋ ಕಂಪನಿ ಅಮೆರಿಕದ್ದಾದ್ರೆ 2018ರಲ್ಲಿ ಅಲ್ಲಿ ಬಂದ ಕ್ಲೌಡ್ ಆಕ್ಟ್ ಪ್ರಕಾರ ಅಲ್ಲಿನ ಅಧಿಕಾರಿಗಳು ಕಾನೂನಿನ ಪ್ರಕಾರ ಆದೇಶ ತಂದು ಕೇಳಿದ್ರೆ ಡೇಟಾ ಎಲ್ಲೇ ಇದ್ರೂ ಕೊಡಬೇಕಾಗತ್ತೆ. 2025ರ ಜೂನಲ್ಲಿ ಫ್ರಾನ್ಸಿನ ಸೆನೆಟ್ ಮುಂದೆ ಮೈಕ್ರೋಸಾಫ್ಟ್‌ನ ಅಲ್ಲಿನ ಅಧಿಕಾರಿಯನ್ನ ಕೇಳಿದ್ರು, ಫ್ರೆಂಚ್ ನಾಗರಿಕರ ಡೇಟಾ ಫ್ರಾನ್ಸ್ ಒಪ್ಪಿಗೆ ಇಲ್ಲದೆ ಅಮೆರಿಕಕ್ಕೆ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಅಂತ. ಪ್ರಮಾಣ ಮಾಡಿ ಕೂತಿದ್ದ ಅವರು, ಇಲ್ಲ, ಹಾಗೆ ಗ್ಯಾರಂಟಿ ಕೊಡೋಕಾಗಲ್ಲ, ಆದ್ರೆ ಇಲ್ಲೀವರೆಗೆ ಹಾಗಾಗಿಲ್ಲ ಅಂದ್ರು. ಮನೆ ನಮ್ಮದೇ, ಬೀಗದ ಕೈ ಮಾತ್ರ ಇನ್ನೊಬ್ಬರ ಹತ್ರ.

ಯುರೋಪಿಗೆ ಈ ಎಚ್ಚರ ಬಂದಿದ್ದು 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಅಲ್ಲಿನ ಕಣ್ಗಾವಲಿನ ದಾಖಲೆ ಹೊರಗೆ ಹಾಕಿದ ಮೇಲೆ. ಆಮೇಲೆ ಯುರೋಪಿನ ಕೋರ್ಟು ಅಮೆರಿಕಕ್ಕೆ ಡೇಟಾ ಕಳಿಸೋ ಒಪ್ಪಂದಗಳನ್ನ ಎರಡು ಸಲ, 2015ರಲ್ಲಿ ಮತ್ತೆ 2020ರಲ್ಲಿ, ರದ್ದು ಮಾಡ್ತು.

ಹಂಗು ಬಿಡಿಸ್ಕೊಳ್ಳೋದು ಹೆಂಗಿರತ್ತೆ ಅಂತ ನೋಡ್ಬೇಕಂದ್ರೆ ಉತ್ತರ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ನೋಡಿ. ಅಲ್ಲಿ ಸುಮಾರು 30,000 ಸರ್ಕಾರಿ ನೌಕರರ ಕಂಪ್ಯೂಟರಲ್ಲಿ ಮೈಕ್ರೋಸಾಫ್ಟ್‌ನ ವರ್ಡ್, ಎಕ್ಸೆಲ್ ಬದಲು ಲಿಬ್ರೆಆಫೀಸ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ತೀವಿ ಅಂತ 2024ರಲ್ಲಿ ತೀರ್ಮಾನ ಮಾಡಿದ್ರು, 2025ರ ಅಕ್ಟೋಬರ್ ಹೊತ್ತಿಗೆ 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನ ಓಪನ್ ಸೋರ್ಸ್ (ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋ) ಮೇಲ್‌ಗೆ ಸಾಗಿಸಿ ಮುಗಿಸಿದ್ರು. ಕಷ್ಟ ಬರೋದು ಸಣ್ಣ ಸಣ್ಣ ಜಾಗದಲ್ಲಿ, ಯಾವುದೋ ಇಲಾಖೆಯ ಹಳೇ ಸಾಫ್ಟ್‌ವೇರ್ ಪತ್ರ ತಯಾರು ಮಾಡೋಕೆ ವರ್ಡನ್ನೇ ಕೇಳತ್ತೆ, ಅದನ್ನ ಬದಲಾಯಿಸೋವರೆಗೂ ಆ ಟೇಬಲ್ಲಿನ ಕಂಪ್ಯೂಟರಿಂದ ಅದನ್ನ ತೆಗೆಯೋಕಾಗಲ್ಲ. ಮ್ಯೂನಿಕ್ ನಗರ ವರ್ಷಗಟ್ಟಲೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಓಪನ್ ಸೋರ್ಸ್ ವ್ಯವಸ್ಥೆ ಬಳಸಿ 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗೋ ನಿರ್ಧಾರ ಮಾಡಿತ್ತು, ಹಾಗಾಗಿ ಈ ರಾಜ್ಯ ಗಟ್ಟಿಯಾಗಿ ನಿಂತಿರೋದು ನನಗೆ ನಿಜಕ್ಕೂ ದೊಡ್ಡ ವಿಷಯ ಅನ್ಸತ್ತೆ.

ಇದು ಬರೀ ಯುರೋಪಿನ ತಲೆನೋವು ಅಂದ್ಕೋಬೇಡಿ. 2025ರ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟ ಗುಜರಾತಿನ ವಾಡಿನಾರಲ್ಲಿ ರಿಫೈನರಿ ಇರೋ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹಾಕ್ತು, ಅದ್ರಲ್ಲಿ ರಷ್ಯಾದ ರಾಸ್‌ನೆಫ್ಟ್ ಪಾಲಿದೆ ಅಂತ. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ನಯಾರಾದವರ ಔಟ್‌ಲುಕ್ ಮೇಲ್, ಟೀಮ್ಸ್ ಬಂದ್ ಮಾಡ್ತು, ನಯಾರಾದವರು ದೆಹಲಿ ಹೈಕೋರ್ಟಿಗೆ ಹೋಗ್ಬೇಕಾಯ್ತು, ಆಮೇಲೆ ಸೇವೆ ಮತ್ತೆ ಶುರುವಾಯ್ತು. ಲೈಸೆನ್ಸಿಗೆ ದುಡ್ಡು ಕಟ್ಟಿತ್ತು, ನಮ್ಮ ದೇಶದ ಕಾನೂನು ಏನೂ ಬೇಡ ಅಂದಿರ್ಲಿಲ್ಲ, ಆದ್ರೂ ಜುಟ್ಟು ಬೇರೆಯವರ ಕೈಲಿತ್ತು.

ಹಾಗಂತ ಎಲ್ಲವನ್ನೂ ನಾವೇ ಮಾಡ್ಕೋಬೇಕು ಅನ್ನೋ ಅರ್ಥ ಈ ಪದಕ್ಕಿಲ್ಲ, ಅದು ಯಾರಿಗೂ ಆಗಲ್ಲ. ಅತಿ ಸೂಕ್ಷ್ಮ ಚಿಪ್ ಮಾಡೋಕೆ ಬೇಕಾದ ಇಯುವಿ (ವಿಶೇಷ ನೇರಳಾತೀತ ಬೆಳಕಲ್ಲಿ ಚಿಪ್ ಮೇಲೆ ವಿನ್ಯಾಸ ಮೂಡಿಸೋ) ಮಷಿನ್‌ಗೆ ಅಮೆರಿಕ, ತೈವಾನ್ ಎರಡೂ ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಕಂಪನಿ ಬಾಗಿಲಿಗೇ ಬರ್ತವೆ. ಅಸಲಿ ವಿಷಯ ಬೇಕಾದಾಗ ಬಿಟ್ಟು ಹೊರಗೆ ಬರೋಕಾಗತ್ತಾ ಅನ್ನೋದು. ಅದಕ್ಕೇ ನನಗೆ ಯುರೋಪಿನ ಎಲ್ಲ ಕಾನೂನಿಗಿಂತ 2025ರ ಸೆಪ್ಟೆಂಬರ್ 12ರಿಂದ ಜಾರಿಯಾದ ಡೇಟಾ ಆಕ್ಟ್ ಮುಖ್ಯ ಅನ್ಸೋದು: ಒಂದು ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗೋ ಸರ್ವರ್ ಸೇವೆ) ಬಿಟ್ಟು ಇನ್ನೊಂದಕ್ಕೆ ಹೋಗೋರಿಗೆ ಕಂಪನಿ ಅಡ್ಡಗಾಲು ಹಾಕೋ ಹಾಗಿಲ್ಲ, 2027ರ ಜನವರಿ 12ರಿಂದ ಹಾಗೆ ಹೋಗೋದಕ್ಕೆ ಶುಲ್ಕ ಕೇಳೋ ಹಾಗೂ ಇಲ್ಲ.