ಚೌಕಾಸಿ: ಟವೆಲ್ ಕೆಳಗಿನ ಲೆಕ್ಕ

ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುತ್ತದೆ. ಇಂಥ ಜಾತ್ರೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳದೆಯೇ ವ್ಯಾಪಾರ ಮುಗಿಯುವುದುಂಟು. ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ಮಾರುವವನ ಕೈ ಮೇಲೆ ಹಾಕುತ್ತಾನೆ. ಅದರ ಕೆಳಗೆ ಬೆರಳು ಹಿಡಿದು ಒತ್ತುತ್ತಾನೆ. ನಾಲ್ಕು ಬೆರಳು ಅಂದರೆ ನಾಲ್ಕು. ಅದು ನಾಲ್ಕು ಸಾವಿರವೋ ನಲವತ್ತು ಸಾವಿರವೋ ಅನ್ನುವುದು ಎತ್ತನ್ನು ಕಣ್ಣಾರೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುತ್ತ ನಿಂತವರಿಗೆ ತಲೆ ಅಲ್ಲಾಡುವುದು ಕಾಣುತ್ತದೆ, ಅಂಕಿ ಮಾತ್ರ ಕಾಣುವುದಿಲ್ಲ. ಸೊಮಾಲಿಯಾದ ದನ, ಒಂಟೆ ಸಂತೆಗಳಲ್ಲೂ ದಲ್ಲಾಳಿಗಳು ಹೀಗೇ ಬಟ್ಟೆ ಕೆಳಗೆ ಕೈ ಹಿಡಿದು ಬೆಲೆ ಮಾತಾಡುತ್ತಾರೆ.

ಇಷ್ಟೊಂದು ಗುಟ್ಟು ಯಾಕೆ? ಮಾರುವವನು ಒಂದು ಲಕ್ಷಕ್ಕೆ ಇಳಿದ ಅಂತ ಪಕ್ಕದವನಿಗೆ ಕೇಳಿಸಿತು ಅನ್ನಿ. ಈ ಗಿರಾಕಿ ಬಿಟ್ಟುಹೋದರೆ ಮುಂದಿನವನು ಒಂದು ಲಕ್ಷದಿಂದ ಮೇಲಕ್ಕೆ ಮಾತೇ ಎತ್ತುವುದಿಲ್ಲ. ಕೊಳ್ಳುವವನ ಪಾಡೂ ಅಷ್ಟೇ. ಅವನು ಎಷ್ಟರವರೆಗೆ ಏರಿದ ಅಂತ ಗೊತ್ತಾದರೆ ಸಾಲಿನಲ್ಲಿರುವ ಅಷ್ಟೂ ಹೋರಿಗಳ ಬೆಲೆ ಅಲ್ಲಿಗೇ ಏರಿ ಕೂರುತ್ತದೆ.

ಚೌಕಾಸಿ ಅಂದರೆ ಜಿಪುಣತನ ಅಂತ ತುಂಬ ಜನ ತಿಳಿದಿದ್ದಾರೆ. ಅರ್ಥಶಾಸ್ತ್ರ ಓದಿದವರು ಅದನ್ನು ಬೇರೆ ಥರ ನೋಡುತ್ತಾರೆ. ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ಒಂದು ಲಕ್ಷಕ್ಕಿಂತ ಕಡಿಮೆಗೆ ಕೊಡಬಾರದು ಅಂತ ಮಾರುವವನು ಮನಸ್ಸಿನಲ್ಲೇ ಗೆರೆ ಎಳೆದಿದ್ದಾನೆ ಅಂದುಕೊಳ್ಳಿ. ಒಂದು ಲಕ್ಷ ಇಪ್ಪತ್ತು ಸಾವಿರ ದಾಟಬಾರದು ಅಂತ ಕೊಳ್ಳುವವನದೂ ಒಂದು ಗೆರೆ. ಈ ಎರಡು ಗೆರೆಗಳ ನಡುವೆ ಯಾವ ಬೆಲೆಗೆ ಕುದುರಿದರೂ ಇಬ್ಬರಿಗೂ ಲಾಭವೇ. ನಡುವೆ ಇರುವ 20,000 ರೂಪಾಯಿಯಲ್ಲಿ ಯಾರಿಗೆಷ್ಟು ಅನ್ನುವುದೇ ಜಗಳ. ಎದುರಿನವನ ಗೆರೆ ಎಲ್ಲಿದೆ ಅಂತ ಪತ್ತೆ ಮಾಡಬೇಕು, ತನ್ನದನ್ನು ಬಿಟ್ಟುಕೊಡಬಾರದು. 'ಅಸಲೂ ಗಿಟ್ಟಲ್ಲ', 'ಕೊನೆ ರೇಟ್ ಹೇಳಿ' ಅನ್ನುವ ಮಾತೆಲ್ಲ ಈ ಹುಡುಕಾಟದ್ದು.

1950ರಲ್ಲಿ ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಇದಕ್ಕೆ ಗಣಿತದ ರೂಪ ಕೊಟ್ಟರು. ಆಗಿನ್ನೂ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ವ್ಯಾಪಾರ ಮುರಿದುಬಿದ್ದರೆ ಯಾರ ಕೈಯಲ್ಲಿ ಏನು ಉಳಿಯುತ್ತದೆ ಅನ್ನುವುದರ ಮೇಲೆ ಪಾಲು ನಿಂತಿದೆ ಅನ್ನುವುದು ಅವರ ಲೆಕ್ಕದ ಒಂದು ತಿರುಳು. ಮುರಿದರೂ ಚಿಂತೆಯಿಲ್ಲ ಅನ್ನುವವನಿಗೆ ಜಾಸ್ತಿ ಸಿಗುತ್ತದೆ. ಸೀರೆ ಅಂಗಡಿಯಿಂದ ಎದ್ದು ಎರಡು ಹೆಜ್ಜೆ ಹೊರಗಿಟ್ಟ ಕೂಡಲೇ 'ಬನ್ನಿ ಅಕ್ಕಾ, ಎಷ್ಟಕ್ಕೆ ಬೇಕು ಹೇಳಿ' ಅನ್ನುವ ಕೂಗು ಬರುತ್ತಲ್ಲ, ಅದಕ್ಕೆ ಇದೇ ಕಾರಣ. 1982ರಲ್ಲಿ ಅರ್ಥಶಾಸ್ತ್ರಜ್ಞ ಏರಿಯಲ್ ರೂಬಿನ್‌ಸ್ಟೈನ್ ಇದಕ್ಕೆ ಸಮಯವನ್ನೂ ಸೇರಿಸಿದರು. ಕಾಯಲು ಪುರುಸೊತ್ತಿಲ್ಲದವನ ಪಾಲು ಕಡಿಮೆಯಾಗುತ್ತದೆ ಅಂತ ಅವರ ಲೆಕ್ಕ ತೋರಿಸಿತು. ಜಾತ್ರೆಯ ಕೊನೆಯ ದಿನ ಹಗ್ಗ ಹಿಡಿದು ನಿಂತ ರೈತನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ ಹೇಳಿದ ಮಾತು. ಚೌಕಾಸಿಯಲ್ಲಿ ಕೈ ಕಟ್ಟಿಸಿಕೊಂಡವನೇ ಗಟ್ಟಿಗ ಅಂತ ಅವರು ವಾದಿಸಿದರು. ನಮ್ಮವರು 'ಮನೇಲಿ ಕೇಳ್ಬೇಕು', 'ಓನರ್ ಒಪ್ಪಲ್ಲ ಸಾರ್' ಅಂತಾರೆ. ಎದುರಿಗಿರುವವನಿಗೆ ಇಳಿಸುವ ಅಧಿಕಾರವೇ ಇಲ್ಲ ಅಂದಮೇಲೆ ಅವನ ಜೊತೆ ವಾದ ಮಾಡಿ ಏನು ಬಂತು? ಓನರ್ ಒಳಗೆ ಕೂತು ಕಾಫಿ ಕುಡಿಯುತ್ತಿರಬಹುದು, ಅದು ಬೇರೆ ಮಾತು.

ಇನ್ನು ಮೊದಲ ಬೆಲೆ ಯಾರು ಹೇಳಬೇಕು? ಡೇನಿಯಲ್ ಕಾಹ್ನೆಮನ್, ಏಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಜನರ ಮುಂದೆ ಅಂಕಿಗಳಿರುವ ಚಕ್ರ ತಿರುಗಿಸಿದರು. ಅದು 10ಕ್ಕೋ 65ಕ್ಕೋ ಮಾತ್ರ ನಿಲ್ಲುವ ಹಾಗೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಅಂತ ಕೇಳಿದರು. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇಲ್ಲ. ಆದರೂ 10 ನೋಡಿದವರ ಅಂದಾಜು 25ರ ಹತ್ತಿರ ಬಂತು, 65 ನೋಡಿದವರದು 45ರ ಹತ್ತಿರ. ಮೊದಲು ಕಿವಿಗೆ ಬಿದ್ದ ಅಂಕಿ ಮನಸ್ಸನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ.

'ನಿಮ್ಮದೂ ಬೇಡ, ನನ್ನದೂ ಬೇಡ, ಇಷ್ಟಕ್ಕೆ ಮುಗಿಸೋಣ' ಅನ್ನುವ ಪಂಚಾಯ್ತಿಯಲ್ಲಿ ಇದರ ಕರಾಮತ್ತು ಚೆನ್ನಾಗಿ ಕಾಣುತ್ತದೆ. ಕೇಳಲು ಎಷ್ಟು ನ್ಯಾಯವಾಗಿದೆ ಅಲ್ವಾ? ಆದರೆ ಮಧ್ಯ ಎಲ್ಲಿ ಬರಬೇಕು ಅಂತ ತೀರ್ಮಾನಿಸಿದ್ದು ಶುರುವಿನಲ್ಲಿ ಹೇಳಿದ ಎರಡು ಅಂಕಿಗಳು. 400ರ ಮಾಲಿಗೆ 1000 ಹೇಳಿದವನು, ನೀವು ಸಂಕೋಚದಿಂದ 600 ಅಂದರೆ, 800ಕ್ಕೆ 'ನ್ಯಾಯ' ಮಾಡುತ್ತಾನೆ.

ಎತ್ತಿನ ವ್ಯಾಪಾರದಲ್ಲಿ ಇನ್ನೊಂದು ಗುಟ್ಟೂ ಇದೆ. ಎತ್ತು ಹೇಗಿದೆ ಅಂತ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೇ ಕಾರುಗಳ ಉದಾಹರಣೆ ಇಟ್ಟುಕೊಂಡು ಇದರ ಪರಿಣಾಮ ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ತಿಳಿಯದ ಗಿರಾಕಿ ಎಲ್ಲದಕ್ಕೂ ನಡುವಿನ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಮಾಲಿನವರು ಮಾರುವುದಿಲ್ಲ, ಎದ್ದು ಹೋಗುತ್ತಾರೆ. ಉಳಿಯುವುದು ಕಳಪೆ ಮಾಲು. ಈ ವಿಚಾರಗಳಿಗೆ 2001ರಲ್ಲಿ ನೊಬೆಲ್ ಬಂತು.

ಅದಕ್ಕೇ ಜಾತ್ರೆಯಲ್ಲಿ ಬೆಲೆಗಿಂತ ಮೊದಲು ಬಾಯಿ ತೆಗೆಸುತ್ತಾರೆ. ದನಕ್ಕೆ ಮೇಲಿನ ದವಡೆಯ ಮುಂದುಗಡೆ ಹಲ್ಲೇ ಇಲ್ಲ. ಕೆಳಗಡೆ ಎಂಟು. ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬರುವುದು ಜೋಡಿ ಜೋಡಿಯಾಗಿ. ಮೊದಲ ಜೋಡಿ ಹೆಚ್ಚುಕಡಿಮೆ ಎರಡು, ಎರಡೂವರೆ ವರ್ಷಕ್ಕೆ. ಎಂಟೂ ಬರುವಷ್ಟರಲ್ಲಿ ನಾಲ್ಕೈದು ವರ್ಷ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ ಎತ್ತು ಅಂತ ಕರೆಯುವುದು ಇದನ್ನೇ. ಮಾರುವವನು ವಯಸ್ಸಿನ ಬಗ್ಗೆ ಏನೇ ಹೇಳಲಿ, ಹಲ್ಲು ಸುಳ್ಳು ಹೇಳುವುದಿಲ್ಲ. ಮೈಮೇಲಿನ ಕೂದಲ ಸುಳಿ ನೋಡಿ ಒಳ್ಳೇದು, ಕೆಟ್ಟದ್ದು ಹೇಳುವುದನ್ನು ಮಾತ್ರ ನಾನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಸುಳಿ ಎಲ್ಲಿದ್ದರೂ ಎತ್ತು ಗಾಡಿ ಎಳೆಯುತ್ತದೆ. ಆದರೆ ಬೆಲೆ ಇಳಿಸಲು ಅದೊಂದು ಒಳ್ಳೆ ನೆಪ.

ಲಾಭವೊಂದೇ ಲೆಕ್ಕವಾಗಿದ್ದರೆ ಚೌಕಾಸಿ ಬೇಗ ಮುಗಿಯುತ್ತಿತ್ತು. ಇದರಲ್ಲಿ ಮಾನವೂ ಸೇರಿಕೊಂಡಿದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ವರ್ನರ್ ಗ್ಯೂಟ್ ಮತ್ತು ಸಂಗಡಿಗರು 1982ರಲ್ಲಿ ಒಂದು ಸರಳ ಆಟವನ್ನು ಪರೀಕ್ಷೆಗಿಟ್ಟರು. ಒಬ್ಬನ ಕೈಗೆ ಒಂದಿಷ್ಟು ದುಡ್ಡು. ಅದರಲ್ಲಿ ಇನ್ನೊಬ್ಬನಿಗೆ ಎಷ್ಟು ಅಂತ ಅವನು ಒಂದೇ ಸಲ ಹೇಳಬೇಕು. ಇನ್ನೊಬ್ಬ ಒಪ್ಪಿದರೆ ಹಂಚಿಕೆ, ಒಲ್ಲೆ ಅಂದರೆ ಇಬ್ಬರಿಗೂ ಸೊನ್ನೆ. ಬರೀ ಲಾಭ ನೋಡುವವನು ಒಂದು ರೂಪಾಯಿ ಕೊಟ್ಟರೂ ಒಪ್ಪಬೇಕು, ಸುಮ್ನೆ ಬಂದ ದುಡ್ಡು. ಜನ ಹಾಗೆ ಮಾಡುವುದಿಲ್ಲ. ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಕೊಟ್ಟರೆ ಎಷ್ಟೋ ಜನ ತಮಗೆ ಬರುವುದನ್ನೂ ಒದ್ದು, ಎದುರಿನವನಿಗೂ ಸಿಗದ ಹಾಗೆ ಮಾಡುತ್ತಾರೆ.

ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ ಮತ್ತು ಜೊತೆಗಾರರು ಈ ಆಟವನ್ನು ಜಗತ್ತಿನ 15 ಚಿಕ್ಕ ಸಮುದಾಯಗಳಲ್ಲಿ ಆಡಿಸಿದರು. ಪೆರು ದೇಶದ ಕಾಡಿನ ಮಚಿಗೆಂಗಾ ಜನ ಸರಾಸರಿ ಕಾಲು ಭಾಗದಷ್ಟು ಕೊಟ್ಟರು, ಎದುರಿನವರು ಗೊಣಗದೆ ತೆಗೆದುಕೊಂಡರು. ಅವರದು ಮನೆ ಮನೆಯೂ ತನ್ನ ಪಾಡಿಗೆ ದುಡಿಯುವ ಬದುಕು. ಇಂಡೋನೇಷ್ಯಾದ ಲಾಮಲೆರಾದಲ್ಲಿ ಜನ ಗುಂಪಾಗಿ ತಿಮಿಂಗಿಲ ಬೇಟೆಗೆ ಹೋಗುತ್ತಾರೆ, ಹಂಚಿಕೆಗೆ ಕಟ್ಟುನಿಟ್ಟಿನ ನಿಯಮಗಳಿವೆ. ಅಲ್ಲಿ ಸರಾಸರಿ ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ಪಪುವಾ ನ್ಯೂಗಿನಿಯ ಔ (Au) ಮತ್ತು ಗ್ನೌ (Gnau) ಎಂಬ ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಟ್ಟಾಗಲೂ ಕೆಲವರು ಬೇಡ ಅಂದರು. ಅಲ್ಲಿ ದೊಡ್ಡ ಉಡುಗೊರೆ ತೆಗೆದುಕೊಂಡರೆ ಋಣ ತಲೆಗೆ ಸುತ್ತಿಕೊಳ್ಳುತ್ತದೆ. ಯಾವುದು ನ್ಯಾಯವಾದ ಬೆಲೆ ಅನ್ನುವ ಅಳತೆಯನ್ನು ಜನ ತಮ್ಮ ಊರಿನ ಬದುಕಿನಿಂದ ತರುತ್ತಾರೆ.

ಕೊಸರು ಹಾಕುವ ಪದ್ಧತಿಯನ್ನು ಹೀಗೆ ನೋಡಿದರೆ ಅದರ ಜಾಣತನ ಗೊತ್ತಾಗುತ್ತದೆ. ತರಕಾರಿಯವಳು ಬೆಲೆ ಇಳಿಸುವುದಿಲ್ಲ, ಆದರೆ ಒಂದು ಹಿಡಿ ಕರಿಬೇವು ಹಾಕುತ್ತಾಳೆ. ಅವಳ ಮಾತು ಉಳಿಯಿತು, ಗಿರಾಕಿಗೂ ಗೆದ್ದ ಸಮಾಧಾನ. ನಾಳೆ ಬರುವವರಿಗೆ ಹೇಳುವ ರೇಟೂ ಕೆಡಲಿಲ್ಲ.

ಇಷ್ಟೆಲ್ಲ ಇದ್ದರೂ ಆಗಬೇಕಾದ ವ್ಯಾಪಾರಗಳು ಮುರಿಯುತ್ತವೆ. 1983ರಲ್ಲಿ ಅರ್ಥಶಾಸ್ತ್ರಜ್ಞರಾದ ರೋಜರ್ ಮೈಯರ್ಸನ್ ಮತ್ತು ಮಾರ್ಕ್ ಸ್ಯಾಟರ್ಥ್‌ವೇಟ್ ಇದು ತಪ್ಪಿದ್ದಲ್ಲ ಅಂತ ಸಾಧಿಸಿದರು. ಇಬ್ಬರ ಗೆರೆಯೂ ಗುಟ್ಟಾಗಿದ್ದು, ನಡುವೆ ಜಾಗ ಇದೆಯೋ ಇಲ್ಲವೋ ಖಚಿತವಿಲ್ಲದಾಗ, ಆಗಬಹುದಾದ ಎಲ್ಲ ವ್ಯಾಪಾರವೂ ಕುದುರುವಂಥ ನಿಯಮವೇ ಇಲ್ಲ. ಹೊರಗಿನವರು ಕೈಯಿಂದ ದುಡ್ಡು ಹಾಕಿದರೆ ಮಾತ್ರ ಸಾಧ್ಯ. ಗುಟ್ಟು ಕಾಯುವ ಆಸೆಯಲ್ಲಿ ಇಬ್ಬರೂ ಸ್ವಲ್ಪ ಜಾಸ್ತಿಯೇ ಬಿಗಿ ಹಿಡಿಯುತ್ತಾರೆ, ಹಗ್ಗ ಹರಿಯುತ್ತದೆ.

ಬೆಲೆಚೀಟಿ ಬಂದಮೇಲೆ ಇದೆಲ್ಲ ಮುಗಿಯಿತು ಅಂತ ಅನ್ನಿಸಬಹುದು. 1870ರ ದಶಕದಲ್ಲಿ ಫಿಲಡೆಲ್ಫಿಯಾದ ಜಾನ್ ವಾನಮೇಕರ್ ತನ್ನ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಬೆಲೆ ಅಂತ ಸಾರಿದ. ದೊಡ್ಡ ಅಂಗಡಿಗಳಿಗೆ ಅದು ಅನುಕೂಲವೇ. ನೂರಾರು ನೌಕರರನ್ನು ಇಟ್ಟುಕೊಂಡು, ಒಬ್ಬೊಬ್ಬನಿಗೂ ಬೆಲೆ ಕುದುರಿಸುವ ವಿದ್ಯೆ ಕಲಿಸುವುದು ಆಗದ ಮಾತು.

ಆದರೆ 2025ರ ಹೊತ್ತಿಗೆ ಸಂಜೆ ಮಳೆಯಲ್ಲಿ ಬೆಂಗಳೂರಿನಲ್ಲಿ ಆಪ್ ಹಿಡಿದು ಆಟೋ ಹುಡುಕಿದ್ದನ್ನು ನೆನೆಸಿಕೊಳ್ಳಿ. ಯಾರೂ ಬರದಿದ್ದರೆ, ಹತ್ತು ರೂಪಾಯಿ ಜಾಸ್ತಿ ಸೇರಿಸ್ತೀರಾ ಅಂತ ಫೋನೇ ಕೇಳುತ್ತಿತ್ತು. ಹತ್ತು ಸೇರಿಸುತ್ತಿದ್ದಿರಿ, ಆಮೇಲೆ ಇಪ್ಪತ್ತು, ಮೂವತ್ತು. ಇದೂ ಚೌಕಾಸಿಯೇ. ಆದರೆ ಆ ಕಡೆಯಿಂದ ಒಂದು ಅಂಕಿಯೂ ಬರುತ್ತಿರಲಿಲ್ಲ. ಡ್ರೈವರ್ ಎಷ್ಟಕ್ಕೆ ಒಪ್ಪುತ್ತಿದ್ದ ಅಂತ ನಿಮಗೆ ಕೊನೆಗೂ ತಿಳಿಯುತ್ತಿರಲಿಲ್ಲ. ನೀವು ಎಷ್ಟರವರೆಗೆ ಏರಿದಿರಿ ಅನ್ನುವುದು ಮಾತ್ರ ಆಪ್‌ಗೆ ಚೆನ್ನಾಗಿ ಗೊತ್ತಾಗುತ್ತಿತ್ತು.