ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರಿಗೆ ವಿಂಡೋಸ್ 11 ಯಾಕೆ ಬರುವುದಿಲ್ಲ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಗ 2017ರಲ್ಲಿ ಕೊಡಿಸಿದ ಲ್ಯಾಪ್‌ಟಾಪ್ ಇದೆ. ಅಡಿಕೆ ಲೆಕ್ಕ, ಕೂಲಿ ಲೆಕ್ಕ, ಬ್ಯಾಂಕಿನ ಕೆಲಸ ಎಲ್ಲ ಅದರಲ್ಲೇ. ಒಂದು ದಿನವೂ ಕೈಕೊಟ್ಟಿಲ್ಲ. ಈಗ ವಿಂಡೋಸ್ 11 ಇದಕ್ಕೆ ಬರುವುದಿಲ್ಲ ಅಂತ ತೋರಿಸುತ್ತದೆ. ರಿಪೇರಿ ಅಂಗಡಿಯಲ್ಲಿ ಕೇಳಿದರೆ ‘ಇದನ್ನು ಬಿಡಿ, ಹೊಸದು ತಗೊಳ್ಳಿ’ ಅಂದರು. ಚೆನ್ನಾಗಿರುವುದನ್ನು ಎಸೆಯಬೇಕಾ?

ಉತ್ತರ: ಎಸೆಯಬೇಡಿ. ಆದರೆ ಇದ್ದ ಹಾಗೇ ಇಟ್ಟುಕೊಂಡು ಅದರಲ್ಲೇ ಬ್ಯಾಂಕಿನ ಕೆಲಸ ಮುಂದುವರಿಸಲೂ ಬೇಡಿ. ಈ ಎರಡರ ನಡುವೆ ದಾರಿಗಳಿವೆ. ಕಾರವಾರದಿಂದ ಭಟ್ಕಳದ ತನಕ ಎಷ್ಟೋ ಜನ ಇದನ್ನೇ ಕೇಳಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಂತ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಎಕ್ಸೆಲ್ ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ನಿಂತಿರುವುದು ರಿಪೇರಿ. ಹಂಚಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹಂಚು ಬದಲಿಸುತ್ತೇವಲ್ಲ, ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸಿಗೆ ಮಾಡುತ್ತಿದ್ದದ್ದು ಅದೇ ಕೆಲಸ. ಈಗ ಮಾಡು ಹತ್ತುವವರಿಲ್ಲ. ಮನೆ ಹಾಗೇ ನಿಂತಿದೆ, ಹೊಸದಾಗಿ ಒಡೆದ ಹಂಚು ಒಡೆದೇ ಇರುತ್ತದೆ.

ಇನ್ನೂ ಒಂದು ತೊಂದರೆ ಇದೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ. 11ಕ್ಕೆ ಒಂದು ರಿಪೇರಿ ಬಂದ ಕೂಡಲೇ ಕಳ್ಳರು ಅದನ್ನು ಬಿಚ್ಚಿ ನೋಡುತ್ತಾರೆ. ಎಲ್ಲಿ ತೂತಿತ್ತು ಅಂತ ಅದರಿಂದಲೇ ಗೊತ್ತಾಗುತ್ತದೆ. ಅದೇ ತೂತು ಹಳೇ ವಿಂಡೋಸಿನಲ್ಲಿ ತೆರೆದೇ ಇದ್ದರೆ ಒಳಗೆ ಬರುವುದು ಸುಲಭ. 2017ರ ಮೇ ತಿಂಗಳಲ್ಲಿ ‘ವಾನಾಕ್ರೈ’ ಎಂಬ ವೈರಸ್ ಹಬ್ಬಿದ್ದು ನೆನಪಿರಬಹುದು. ಮೈಕ್ರೋಸಾಫ್ಟ್ ಅದು ನುಗ್ಗಿದ ತೂತಿನ ರಿಪೇರಿಯನ್ನು ಮಾರ್ಚ್‌ನಲ್ಲೇ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳಲ್ಲಿ ಫೈಲುಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳನ್ನೇ ಮುಂದೂಡಬೇಕಾಯಿತು.

ಸರಿ, ನಿಮ್ಮ ಲ್ಯಾಪ್‌ಟಾಪನ್ನು 11 ಯಾಕೆ ಒಪ್ಪುವುದಿಲ್ಲ? 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರೆ ಸಾಕು ಅಂತಾರೆ, ಅಷ್ಟು ನಿಮ್ಮಲ್ಲೂ ಇರುತ್ತದೆ. ತಡೆಯುವುದು ಬೇರೆ ಎರಡು. ಒಂದು ಟಿಪಿಎಂ 2.0. ಇದು ಬೀಗದ ಕೈಗಳನ್ನು ಬೇರೆಯಾಗಿ, ಭದ್ರವಾಗಿ ಇಟ್ಟುಕೊಳ್ಳುವ ಚಿಪ್. ಕೆಲವು ಕಂಪ್ಯೂಟರ್‌ಗಳಲ್ಲಿ ಬೇರೆ ಚಿಪ್ ಇರುವುದಿಲ್ಲ, ಪ್ರೊಸೆಸರಿನ ಒಳಗೇ ಆ ಕೆಲಸ ನಡೆಯುತ್ತದೆ. ಇನ್ನೊಂದು ಪ್ರೊಸೆಸರಿನ ತಲೆಮಾರು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲೆ, ಎಎಂಡಿ ಆದರೆ ರೈಜನ್ 2000 ಸಾಲಿನಿಂದ ಮೇಲೆ.

ತಲೆಮಾರು ತಿಳಿಯುವುದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆಯಿರಿ. ಪ್ರೊಸೆಸರ್ ಎಂದಿರುವ ಸಾಲಿನಲ್ಲಿ ಐ3-6006ಯು ಅಂತಿದ್ದರೆ ಗೆರೆಯ ನಂತರದ ಮೊದಲ ಅಂಕಿ 6, ಅಂದರೆ 6ನೇ ತಲೆಮಾರು. ಐ5-8250ಯು ಇದ್ದರೆ 8ನೆಯದು. ಐ3-10110ಯು ಹಾಗೆ ಐದು ಅಂಕಿ ಇದ್ದರೆ ಮೊದಲ ಎರಡು ನೋಡಿ, ಅದು 10ನೆಯದು. 2017ರ ಲ್ಯಾಪ್‌ಟಾಪ್ ಅಂದಿರಲ್ಲ, ನಿಮ್ಮದು 6 ಅಥವಾ 7 ಇರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಟಿಪಿಎಂ ಇದ್ದರೂ 11 ಬರುವುದಿಲ್ಲ.

ಮೈಕ್ರೋಸಾಫ್ಟ್ ಕೊಡುವ ಕಾರಣ ಸುರಕ್ಷತೆ. ಹೊಸ ರೀತಿಯ ರಕ್ಷಣೆಗಳನ್ನು ಹಳೇ ಪ್ರೊಸೆಸರ್ ಹೊತ್ತರೆ ನಿಧಾನವಾಗುತ್ತದೆ, ಇದು ನಿಜ. ಅರ್ಹತೆ ಇಲ್ಲದ ಕಂಪ್ಯೂಟರ್‌ಗಳಲ್ಲಿ ಹಾಕಿ ನೋಡಿದಾಗ ವಿಂಡೋಸ್‌ನ ಒಡಲೇ ಕುಸಿಯುವುದು ಶೇಕಡಾ 52ರಷ್ಟು ಹೆಚ್ಚಿತ್ತು ಅಂತ 2021ರಲ್ಲಿ ಅವರೇ ಹೇಳಿದ್ದರು. ಆದರೂ ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. 11 ಬರುವ ನಾಲ್ಕು ವರ್ಷ ಮೊದಲಷ್ಟೇ ಅಂಗಡಿಯಲ್ಲಿ ಹೊಸದಾಗಿ ಮಾರಿದ್ದಕ್ಕೇ ಅರ್ಹತೆ ಇಲ್ಲ ಅಂದರೆ, ಸಾಲ ಮಾಡಿ ಕೊಂಡವರ ಗತಿ ಏನು? ಆಗ 11 ಹಾಕಿಕೊಳ್ಳುವುದೋ ಬಿಡುವುದೋ ಅವರವರ ಇಷ್ಟ ಅಂತ ಬಿಡಬಹುದಿತ್ತು.

ತೀರ್ಮಾನ ಮಾಡುವ ಮೊದಲು ಒಂದು ವಿಷಯ ಪರೀಕ್ಷೆ ಮಾಡಿ. ಕುಮಟಾದಲ್ಲಿ ನನ್ನ ಸ್ನೇಹಿತನ ಝೆರಾಕ್ಸ್ ಅಂಗಡಿ ಇದೆ. ಅಲ್ಲಿನ ಡೆಸ್ಕ್‌ಟಾಪಿಗೂ 11 ಬರುವುದಿಲ್ಲ ಅಂತ ತೋರಿಸುತ್ತಿತ್ತು. ಅವನು ಹೊಸದಕ್ಕೆ ಮುಂಗಡ ಕೊಡಲು ಹೊರಟಿದ್ದ. ನೋಡಿದರೆ ಪ್ರೊಸೆಸರ್ ಐ3-8100, ಅಂದರೆ 8ನೇ ತಲೆಮಾರು! ಹಾಗಾದರೆ ಯಾಕೆ ಬೇಡ ಅನ್ನುತ್ತಿದೆ? ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಕೀ ಒತ್ತಿ ಬಯಾಸ್, ಅಂದರೆ ವಿಂಡೋಸಿಗಿಂತ ಮೊದಲೇ ಬರುವ ಸೆಟ್ಟಿಂಗ್ಸ್ ಪರದೆ ತೆರೆದೆವು. ಹೊರಗೆ ಜೋರು ಮಳೆ, ಯುಪಿಎಸ್ ಎರಡು ನಿಮಿಷಕ್ಕೊಮ್ಮೆ ಕಿರುಚುತ್ತಿತ್ತು. ಇಂಟೆಲ್ ಪಿಟಿಟಿ ಎಂಬ ಸಾಲು ಸಿಕ್ಕಿತು. ಆಫ್ ಇತ್ತು. ಆ ಕಂಪ್ಯೂಟರಿನಲ್ಲಿ ಟಿಪಿಎಂನ ಕೆಲಸ ಮಾಡುವುದು ಅದೇ. ಜೊತೆಗೆ ಯಾರೋ ವಿಂಡೋಸನ್ನು ಲೆಗಸಿ ಎಂಬ, ಕಂಪ್ಯೂಟರ್ ಶುರುವಾಗುವ ಹಳೇ ಕ್ರಮದಲ್ಲಿ ಹಾಕಿಟ್ಟಿದ್ದರು. ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದುಕೊಂಡು, 11ಕ್ಕೆ ಬೇಕಾದ ಯುಇಎಫ್‌ಐ ಎಂಬ ಹೊಸ ಕ್ರಮಕ್ಕೆ ಬದಲಿಸಿ, ಪಿಟಿಟಿ ಆನ್ ಮಾಡಿದೆವು. ಮಾರನೇ ದಿನ 11 ಬಂತು. ಒಂದು ರೂಪಾಯಿ ಖರ್ಚಿಲ್ಲ. ಈ ಬದಲಾವಣೆಯಲ್ಲಿ ತಪ್ಪಿದರೆ ಕಂಪ್ಯೂಟರ್ ಶುರುವೇ ಆಗದೆ ಹೋಗಬಹುದು, ಹಾಗಾಗಿ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಟಿಪಿಎಂ ಇದೆಯಾ ಅಂತ ನೋಡುವುದನ್ನು ನೀವೇ ಮಾಡಬಹುದು. ಸರ್ಚ್ ಜಾಗದಲ್ಲಿ ಡಿವೈಸ್ ಸೆಕ್ಯುರಿಟಿ ಅಂತ ಟೈಪ್ ಮಾಡಿ ತೆರೆದು, ಸೆಕ್ಯುರಿಟಿ ಪ್ರೊಸೆಸರ್ ಎಂಬ ಸಾಲು ಕಾಣುತ್ತದೆಯೇ ನೋಡಿ.

ನಿಮ್ಮದು ನಿಜವಾಗಿಯೂ 6 ಅಥವಾ 7ನೇ ತಲೆಮಾರು ಅಂತಾದರೆ ಮೊದಲ ದಾರಿ ಸಮಯ ತೆಗೆದುಕೊಳ್ಳುವುದು. ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಸುರಕ್ಷತೆಯ ರಿಪೇರಿ ಮಾತ್ರ ಕೊಡುವ ಇಎಸ್‌ಯು ಎಂಬ ಯೋಜನೆ ಇದೆ. ಮನೆಬಳಕೆಯವರಿಗೆ ಅದಕ್ಕೆ ಹೇಳಿರುವ ಕೊನೆಯ ದಿನ 2026ರ ಅಕ್ಟೋಬರ್ 13. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸ್ ಆ ಖಾತೆಯಲ್ಲಿ ಬ್ಯಾಕಪ್ ಆಗುವುದಕ್ಕೆ ಒಪ್ಪಿದರೆ ದುಡ್ಡು ಕೊಡಬೇಕಾಗಿಲ್ಲ. ಒಪ್ಪದಿದ್ದರೆ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಲಿಂಕ್ ಇರುತ್ತದೆ. ಸುಮ್ನೆ ಬಿಡಬೇಡಿ, ಇವತ್ತೇ ಸೇರಿ.

ಎರಡನೇ ದಾರಿ ಲಿನಕ್ಸ್, ಅಂದರೆ ವಿಂಡೋಸಿನ ಬದಲು ಹಾಕಿಕೊಳ್ಳುವ ಇನ್ನೊಂದು ವ್ಯವಸ್ಥೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಅದರ ಒಂದು ಬಗೆಯಾದ ಲಿನಕ್ಸ್ ಮಿಂಟ್ 22ಕ್ಕೆ 2029ರ ತನಕ ರಿಪೇರಿ ಬರುತ್ತದೆ, ಪೂರ್ತಿ ಉಚಿತ. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪಿನಲ್ಲಿ ಹಗುರಾಗಿ ಓಡುತ್ತದೆ. ಡೌನ್‌ಲೋಡ್ ಸುಮಾರು 3 ಜಿಬಿ ಆಗುತ್ತದೆ. ಹಳ್ಳಿಯ ನೆಟ್‌ನಲ್ಲಿ ರಾತ್ರಿಯೆಲ್ಲ ಕಾಯುವ ಬದಲು ಪೇಟೆಗೆ ಹೋದಾಗ ಪೆನ್ ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ. ಪೆನ್ ಡ್ರೈವ್‌ನಿಂದಲೇ ಶುರು ಮಾಡಿದರೆ ಒಳಗಿನ ವಿಂಡೋಸನ್ನು ಮುಟ್ಟದೆ ನೋಡಬಹುದು. ವೈಫೈ ಸಿಗುತ್ತದೆಯಾ, ಪ್ರಿಂಟರ್ ಕೆಲಸ ಮಾಡುತ್ತದೆಯಾ, ಬ್ಯಾಂಕಿನ ಸೈಟ್ ತೆರೆಯುತ್ತದೆಯಾ ಅಂತ ಎರಡು ದಿನ ನೋಡಿ, ಆಮೇಲೆ ಹಾಕಿಕೊಳ್ಳಿ.

ಅಡಿಕೆ ಲೆಕ್ಕದ ಎಕ್ಸೆಲ್ ಫೈಲು ಮಿಂಟ್ ಜೊತೆಗೇ ಬರುವ ಲಿಬ್ರೆಆಫೀಸಿನಲ್ಲಿ ತೆರೆಯುತ್ತದೆ. ರಾಶಿ, ಚಾಲಿ, ಬೆಟ್ಟೆ ಅಂತ ಬೇರೆ ಬೇರೆ ಹಾಳೆ ಮಾಡಿಕೊಂಡು ಕೂಡಿಸಿದ್ದರೂ ತೊಂದರೆ ಇಲ್ಲ. ಲೆಕ್ಕವನ್ನು ತಾನಾಗೇ ಮಾಡಿಸುವ ಮ್ಯಾಕ್ರೋ ಬರೆಸಿಕೊಂಡಿದ್ದರೆ ಮಾತ್ರ ಮೊದಲೇ ಪರೀಕ್ಷೆ ಮಾಡಬೇಕು. ಕನ್ನಡದ್ದೇ ಸೂಕ್ಷ್ಮ. ಯುನಿಕೋಡ್ ಅಂದರೆ ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಯುನಿಕೋಡ್‌ನಲ್ಲಿ ಬರೆದದ್ದು ಹಾಗೇ ಕಾಣುತ್ತದೆ, ಟೈಪ್ ಮಾಡಲು ಕಗಪ ಕೀಲಿಮಣೆಯೂ ಮಿಂಟ್‌ನಲ್ಲೇ ಇದೆ. ಆದರೆ ನುಡಿಯ ಹಳೇ ಅಕ್ಷರಗಳಲ್ಲಿ ಬರೆದಿಟ್ಟ ಪತ್ರ, ಸಂಘದ ಠರಾವು, ಲಗ್ನಪತ್ರಿಕೆ ಇದ್ದರೆ ಆ ಫಾಂಟ್ ಇಲ್ಲದ ಕಡೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ವಿಂಡೋಸ್ ಇರುವಾಗಲೇ ಅವನ್ನು ಯುನಿಕೋಡಿಗೆ ಬದಲಿಸಿಕೊಳ್ಳಿ. ಇನ್ನು ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇಟ್ಟುಕೊಂಡವರು ಲಿನಕ್ಸಿಗೆ ಅವಸರ ಮಾಡಬೇಡಿ. ಅವರಿಗೆ ವಿಂಡೋಸ್ ಬೇಕಾಗಬಹುದು.

ಮೂರನೆಯದು, ಅರ್ಹತೆಯ ತಪಾಸಣೆ ತಪ್ಪಿಸಿ 11 ಹಾಕುವುದು. ರೂಫಸ್ ಎಂಬ ಸಾಧನದಿಂದ ಮಾಡುತ್ತಾರೆ, ಎಷ್ಟೋ ಕಡೆ ನಡೆಯುತ್ತದೆ. ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಕೊಡುವ ಭರವಸೆ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ. 11ರ 24ಎಚ್2 ಆವೃತ್ತಿ ಬಂದ ಮೇಲೆ ತೀರಾ ಹಳೇ ಕೋರ್ 2 ಡ್ಯುಯೋದಂಥ ಪ್ರೊಸೆಸರ್‌ಗಳಲ್ಲಿ ಅದು ಶುರುವೇ ಆಗುವುದಿಲ್ಲ. ಮನೆಯ ದುಡ್ಡಿನ ಲೆಕ್ಕ ಇರುವ ಕಂಪ್ಯೂಟರಿಗೆ ನಾನು ಇದನ್ನು ಹೇಳುವುದಿಲ್ಲ.

ಯಾವ ದಾರಿ ಹಿಡಿದರೂ, ನಿಮ್ಮದರಲ್ಲಿ ಈಗಲೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್ ಹಾಕಿಸಿ. ಹಳೇ ಕಂಪ್ಯೂಟರ್ ನಿಧಾನ ಅನ್ನಿಸುವುದಕ್ಕೆ ಬಹಳ ಸಲ ಅದೇ ಕಾರಣ. ಆಗಾಗ ಕರೆಂಟ್ ಹೋಗುವ ನಮ್ಮ ಕಡೆ ತಿರುಗುವ ಡಿಸ್ಕಿಗೆ ಅಪಾಯವೂ ಜಾಸ್ತಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಅಡಿಕೆ ಲೆಕ್ಕದ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ತೆಗೆದಿಡುತ್ತಿದ್ದೆ. ಆಮೇಲೆ ಇಎಸ್‌ಯುಗೆ ಸೇರುತ್ತಿದ್ದೆ. ಆ ಅವಧಿಯಲ್ಲಿ ಮಗ ಊರಿಗೆ ಬಂದಾಗ ಇಬ್ಬರೂ ಕೂತು ಪೆನ್ ಡ್ರೈವ್‌ನಿಂದ ಮಿಂಟ್ ನೋಡಿ. ಬ್ಯಾಂಕಿನ ಸೈಟ್ ಮತ್ತು ಪ್ರಿಂಟರ್ ಎರಡೂ ಸರಿಯಾಗಿ ನಡೆದರೆ ಅದನ್ನೇ ಹಾಕಿಕೊಳ್ಳಿ.